ಮೂಳೆ ಪಟ್ಟಿ ಮತ್ತು ಚರ್ಮದ ಚಾಕು: ಪುಸ್ತಕ ಕಟ್ಟುವ ಕೈ ಉಪಕರಣಗಳ ಅಧ್ಯಯನ ಟಿಪ್ಪಣಿ

ಹೊಲಿಗೆ, ಅಂಟು, ರಟ್ಟುಗಳ ವಿಷಯ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಈ ಟಿಪ್ಪಣಿಯಲ್ಲಿ ಎರಡೇ ಉಪಕರಣಗಳಿವೆ: ಕಾಗದದ ಮಡಿಕೆಯನ್ನು ಒತ್ತಿ ಕೂರಿಸುವ, ಬೋನ್ ಫೋಲ್ಡರ್ ಎಂದು ಕರೆಯುವ ಮೂಳೆ ಪಟ್ಟಿ ಮತ್ತು ಚರ್ಮದ ಅಂಚನ್ನು ತೆಳುವಾಗಿಸುವ ಚಾಕು. ದಬ್ಬಳದ ಬಗ್ಗೆ ಹೇಳಬೇಕಾದದ್ದು ಒಂದೇ ಮಾತು: ಅದರ ಮೊನೆ ಸೂಜಿಗಿಂತ ದಪ್ಪವಾಗಿದ್ದರೆ ರಂಧ್ರ ಸಡಿಲವಾಗಿ ಹೊಲಿಗೆ ಅಲುಗಾಡುತ್ತದೆ.

ಮೂಳೆ ಪಟ್ಟಿಗೆ ದನದ ಕಾಲಿನ ಉದ್ದನೆಯ ಮೂಳೆ ಒಪ್ಪುತ್ತದೆ, ಏಕೆಂದರೆ ಅದರ ಗೋಡೆ ದಪ್ಪವಾಗಿಯೂ ಗಟ್ಟಿಯಾಗಿಯೂ ಇರುತ್ತದೆ ಮತ್ತು ಎಳೆ ಉದ್ದಕ್ಕೆ ಸಾಗುತ್ತದೆ. ಪಟ್ಟಿಯನ್ನು ಆ ಎಳೆಯ ಉದ್ದಕ್ಕೇ ಕೊಯ್ಯಬೇಕು. ಅಡ್ಡಕ್ಕೆ ಕೊಯ್ದ ಪಟ್ಟಿಯ ಮೊನೆ ಒತ್ತಡಕ್ಕೆ ಮುರಿಯುತ್ತದೆ. ಜಿಡ್ಡು ತೆಗೆಯಲು ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದರೆ ಒಳಗಿನ ಕೊಲಾಜನ್ ಎಂಬ ಪ್ರೋಟೀನು ಜೆಲಾಟಿನ್ ಆಗಿ ಕರಗಿಹೋಗಿ ಮೂಳೆ ಪೆಡಸಾಗುವುದರಿಂದ, ಪಾತ್ರೆ ತೊಳೆಯುವ ಸೋಪು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ ನೀರು ಬದಲಿಸುತ್ತಿರುವುದು ಲೇಸು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎಮೆರಿ ಕಾಗದವನ್ನು ಒದ್ದೆ ಮಾಡಿಕೊಂಡು, ಮಾಸ್ಕ್ ಹಾಕಿಕೊಂಡು, 220ನೇ ನಂಬರಿನ ಒರಟು ಕಾಗದದಿಂದ 1000ದ ನಯವಾದದ್ದರವರೆಗೆ ಹಂತಹಂತವಾಗಿ ಉಜ್ಜಬೇಕು. ಕೊಳ್ಳುವವರು ಭೂತಗನ್ನಡಿ ಹಿಡಿದು ನೋಡಲಿ: ನಿಜವಾದ ಮೂಳೆಯಲ್ಲಿ ರಕ್ತನಾಳಗಳು ಹಾದಿದ್ದ ಕಪ್ಪು ಚುಕ್ಕೆಗಳೂ ಸಣ್ಣ ಗೀರುಗಳೂ ಕಾಣುತ್ತವೆ, ಪ್ಲಾಸ್ಟಿಕ್‌ನಲ್ಲಿ ಅವು ಇರುವುದಿಲ್ಲ.

ಇನ್ನು ಚಾಕು. ಉಕ್ಕಿನ ಹದದ ವಿಚಾರ ಸರಳ. ಓ-1 ಎಂಬ ಉಪಕರಣದ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಂತೆ ಪೆಡಸಾಗುತ್ತದೆ. ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದಾಗ ಪೆಡಸು ಇಳಿದು ಗಡಸು ಉಳಿಯುತ್ತದೆ. ಆಮೇಲೆ ಒಣ ಚಕ್ರದ ಮೇಲೆ ಸಾಣೆ ಹಿಡಿಯುವಾಗ ಅಲಗು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಷ್ಟು ಜಾಗದ ಹದ ಹೋಯಿತೆಂದೇ ಅರ್ಥ.

ತೊಡಕು ಇರುವುದು ಓರೆಯಲ್ಲಿ, ಅಂದರೆ ಬಾಯಿಯತ್ತ (ಕೊಯ್ಯುವ ಅಂಚಿನತ್ತ) ಇಳಿಜಾರಾಗಿ ಮಸೆದ ಮುಖದಲ್ಲಿ. ಈ ಚಾಕುವಿಗೆ ಒಂದೇ ಕಡೆ ಓರೆ ಇರುತ್ತದೆ, ಇನ್ನೊಂದು ಕಡೆ ಪೂರ್ತಿ ಚಪ್ಪಟೆ. ಚರ್ಮದ ಒಳಮೈ ಮೇಲಾಗಿರುವಂತೆ ಕಲ್ಲಿನ ಮೇಲೆ ಹಾಸಿ, ಚಪ್ಪಟೆ ಕಡೆಯನ್ನು ಕೆಳಗೆ ಮಾಡಿ ಚಾಕುವನ್ನು ಹೆಚ್ಚುಕಡಿಮೆ ಮಲಗಿಸಿಯೇ ತಳ್ಳಬೇಕು. ಓರೆಯನ್ನು ಕೆಳಗೆ ಮಾಡಿದರೆ, ಓರೆ 15 ಡಿಗ್ರಿಯದಾಗಿದ್ದಾಗ ಚಾಕುವನ್ನು ಕನಿಷ್ಠ ಅಷ್ಟು ಎತ್ತದೆ ಬಾಯಿ ಚರ್ಮಕ್ಕೆ ತಾಗುವುದೇ ಇಲ್ಲ. ಆಗ ಉದ್ದನೆಯ ತೆಳು ಇಳಿಜಾರು ಬರುವ ಬದಲು ಕಡಿದಾದ ಅಂಚು ಬರುತ್ತದೆ.

ಇಲ್ಲಿಂದ ಮುಂದಿನದೇ ಎಲ್ಲರನ್ನೂ ಕಾಡುವ ಹಂತ. ಓರೆಯನ್ನು ಮಸೆದಾಗ ಲೋಹದ ತೆಳುವಾದ ಮಡಿಕೆಯೊಂದು ಚಪ್ಪಟೆ ಕಡೆಗೆ ಬಾಗುತ್ತದೆ; ಇದನ್ನು ಬರ್ ಎನ್ನುತ್ತಾರೆ. ಬೆನ್ನಿನಿಂದ ಬಾಯಿಯತ್ತ ಬೆರಳನ್ನು ಹಗುರವಾಗಿ ಎಳೆದರೆ (ಬಾಯಿಯ ಉದ್ದಕ್ಕೆ ಎಂದಿಗೂ ಎಳೆಯಬಾರದು) ಅದು ಉಗುರಿನ ಸಿಬಿರಿನಂತೆ ತಡೆಯುತ್ತದೆ. ಅದನ್ನು ತೆಗೆಯಲು ಚಪ್ಪಟೆ ಕಡೆಯನ್ನು ಸಾಣೆಕಲ್ಲಿಗೆ ಸಂಪೂರ್ಣ ಅಂಟಿಸಿಯೇ ಎಳೆಯಬೇಕು. ಬೇಗ ಮುಗಿಯಲೆಂದು ಬೆನ್ನನ್ನು 5 ಡಿಗ್ರಿ ಎತ್ತಿದರೂ ಬರ್ ಹೋಗುತ್ತದೆ, ಕೂದಲೂ ಕತ್ತರಿಸುತ್ತದೆ. ಆದರೆ ಬಾಯಿಯ ಕೋನ 15ರಿಂದ 20ಕ್ಕೆ ಏರಿರುತ್ತದೆ, ಅದಕ್ಕಿಂತ ಮುಖ್ಯವಾಗಿ ಚಾಕುವನ್ನು ಕಲ್ಲಿನ ಮೇಲೆ ಮಲಗಿಸಿದಾಗ ಬಾಯಿ ಗಾಳಿಯಲ್ಲಿ ಉಳಿದು ಚರ್ಮದ ಮೇಲೆ ಜಾರುತ್ತದೆ. ಹರಿತವಾಗಿದ್ದೂ ಕೊಯ್ಯದ ಚಾಕುವಿನ ಗುಟ್ಟು ಹೆಚ್ಚಾಗಿ ಇದೇ. ಚಪ್ಪಟೆ ಕಡೆಗೆ ಮಾರ್ಕರ್ ಶಾಯಿ ಬಳಿದು ಸಾಣೆಕಲ್ಲಿನ ಮೇಲೆ ಒಮ್ಮೆ ಉಜ್ಜಿ ನೋಡಿ: ಬಾಯಿಯ ಗೆರೆಯಲ್ಲಿ ಶಾಯಿ ಉಳಿದಿದ್ದರೆ ಅಲ್ಲಿ ಎರಡನೆಯ ಓರೆ ಬಿದ್ದಿದೆ. ಆಗ ಚಪ್ಪಟೆ ಕಡೆಯನ್ನೇ ಒರಟು ಕಲ್ಲಿನಿಂದ ಸಮ ಮಾಡಿಕೊಂಡು ಬರುವುದಲ್ಲದೆ ಬೇರೆ ದಾರಿಯಿಲ್ಲ.

ಕೋನಮಾಪಕವಿಲ್ಲದವರಿಗೆ ನನ್ನ ಮೆಚ್ಚಿನ ಲೆಕ್ಕವೊಂದಿದೆ: ಓರೆಯ ಅಗಲವು ಅಲಗಿನ ದಪ್ಪದ ನಾಲ್ಕು ಪಟ್ಟಿದ್ದರೆ ಕೋನ ಸುಮಾರು 14.5 ಡಿಗ್ರಿ. 2 ಮಿ.ಮೀ. ದಪ್ಪದ ಅಲಗಿಗೆ 8 ಮಿ.ಮೀ. ಓರೆ ಸಾಕು. ಮೂರು ಪಟ್ಟಾದರೆ 19.5 ಡಿಗ್ರಿಯಾಗಿ ಚರ್ಮಕ್ಕೆ ಮೊಂಡೆನಿಸುತ್ತದೆ. ಐದು ಪಟ್ಟಾದರೆ 11.5 ಡಿಗ್ರಿಗೆ ಇಳಿದು ಬಾಯಿ ಬೇಗ ಮುಕ್ಕಾಗುತ್ತದೆ. ಸ್ಕೇಲ್ ಒಂದಿದ್ದರೆ ಆಯಿತು.

ಚರ್ಮದ ಕೆಳಗಿಡುವ ಕಲ್ಲಿಗೆ ಯುರೋಪಿನ ಕಸುಬುದಾರರು ಹಳೆಯ ಲಿಥೋ (ಕಲ್ಲಚ್ಚು) ಮುದ್ರಣದ ಸುಣ್ಣಕಲ್ಲನ್ನು ಬಳಸುತ್ತಾ ಬಂದಿದ್ದಾರೆ. ನಮ್ಮಲ್ಲಿ ಅಡುಗೆಮನೆಯ ಕಟ್ಟೆಗೆ ಕತ್ತರಿಸಿ ಉಳಿದ ಪಾಲಿಶ್ ಗ್ರಾನೈಟ್ ತುಂಡು ಸುಲಭವಾಗಿ ಸಿಗುತ್ತದೆ. ಅದು ಉಕ್ಕಿಗಿಂತ ಗಡಸಾದ್ದರಿಂದ ಬಾಯಿ ಅದಕ್ಕೆ ತಗುಲಿದಾಗಲೆಲ್ಲ ಚಾಕುವನ್ನು ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದುಕೊಳ್ಳಬೇಕು, ಆಗಲೂ ಚಪ್ಪಟೆ ಕಡೆಯನ್ನು ಎತ್ತುವಂತಿಲ್ಲ.