ಜಾರಿದ ಭುಜ, ಸೆಟೆದ ಸ್ನಾಯು

ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚಾಗಿ ತಪ್ಪುವುದು ಭುಜದ ಕೀಲು. ತೋಳಿನ ಮೂಳೆಯ ದುಂಡನೆಯ ತಲೆ ಕೂರುವ ಗುಳಿ ತೀರಾ ಆಳವಿಲ್ಲದ್ದು. ತೋಳು ಎಲ್ಲ ದಿಕ್ಕಿಗೂ ಆಡುವುದು ಅದರಿಂದಲೇ, ಜಾರಿಬಿಡುವುದೂ ಅದರಿಂದಲೇ. ನೂರಕ್ಕೆ ಸುಮಾರು 95 ಸಲ ಮೂಳೆಯ ತಲೆ ಮುಂದಕ್ಕೆ ಜಾರುತ್ತದೆ. ಆಗ ಭುಜದ ದುಂಡು ಅಳಿದು ಮೂಲೆ ಎದ್ದಂತೆ ಕಾಣುತ್ತದೆ.

ಮೂಳೆ ಮರಳಿ ಗುಳಿ ಸೇರದಂತೆ ಮುಖ್ಯವಾಗಿ ತಡೆಯುವುದು ನೋವಿಗೆ ಸೆಟೆದುಕೊಂಡ ಸ್ನಾಯುಗಳು. ಕಂಕುಳಿಗೆ ಹಿಮ್ಮಡಿ ಒತ್ತಿ ಕೈಯನ್ನು ಜಗ್ಗುವ ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್‌ನ ಹೆಸರಿನ ವಿಧಾನ ಈ ಸೆಡೆತವನ್ನು ಬಲದಿಂದಲೇ ಎದುರಿಸುತ್ತಿತ್ತು. ಹಾಗೆ ಬಲ ಹಾಕಿದರೆ ನರಕ್ಕೆ ಪೆಟ್ಟಾಗಬಹುದು, ಮೂಳೆಯೂ ಮುರಿಯಬಹುದು. ಅರಿವಳಿಕೆ ಬಂದ ಮೇಲೆ ಸ್ನಾಯುಗಳನ್ನು ಔಷಧದಿಂದಲೇ ಸಡಿಲಿಸುವುದು ಸಾಧ್ಯವಾಯಿತಾದರೂ, ಉಸಿರಾಟದ ಮೇಲೆ ಕಣ್ಣಿಡಬೇಕು, ಮಂಪರು ಇಳಿಯುವವರೆಗೆ ರೋಗಿಯನ್ನು ಕಾಯಬೇಕು. ವಯಸ್ಸಾದವರಲ್ಲಿ, ಶ್ವಾಸಕೋಶದ ಕಾಯಿಲೆಯಿರುವವರಲ್ಲಿ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಔಷಧವಿಲ್ಲದೆಯೇ ಸ್ನಾಯುವನ್ನು ಒಲಿಸಿಕೊಳ್ಳುವ ವಿಧಾನಗಳನ್ನು ಮೊದಲು ಯತ್ನಿಸುವುದೇ ವಿವೇಕವೆಂದು ನನ್ನ ಅಭಿಪ್ರಾಯ.

ಅವುಗಳಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಆಸ್ಟ್ರೇಲಿಯಾದ ತುರ್ತುಚಿಕಿತ್ಸಾ ವೈದ್ಯ ನೀಲ್ ಕನಿಂಗ್‌ಹ್ಯಾಮ್ 2003ರಲ್ಲಿ ವಿವರಿಸಿದ ವಿಧಾನ. ರೋಗಿಯನ್ನು ನೆಟ್ಟಗೆ ಕೂರಿಸಿ, ತೋಳನ್ನು ಪಕ್ಕೆಗೆ ಆನಿಸಿ, ಮೊಣಕೈ ಮಡಿಸಿ, ಆ ಕೈಯನ್ನು ಎದುರು ಕುಳಿತ ವೈದ್ಯರು ತಮ್ಮ ಹೆಗಲ ಮೇಲೆ ಇರಿಸಿಕೊಳ್ಳುತ್ತಾರೆ. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಸ್ನಾಯು, ಭುಜದ ಸ್ನಾಯು, ತೋಳಿನ ಮುಂಭಾಗದ ಸ್ನಾಯು, ಹೀಗೆ ಒಂದೊಂದನ್ನೂ ನಿಧಾನವಾಗಿ ನೀವುತ್ತಾ, ಎದೆಯೆತ್ತಿ ಬೆನ್ನ ಮೇಲ್ಭಾಗದ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ತರುವಂತೆ ಹೇಳುತ್ತಾರೆ. ಜಗ್ಗಾಟವೇ ಇಲ್ಲ. ಸ್ನಾಯು ಸಡಿಲಿಸಿದಾಗ ಮೂಳೆ ತಾನಾಗಿ ಗುಳಿಗೆ ಮರಳುತ್ತದೆ. ಎಷ್ಟೋ ಸಲ ಕಟಕ್ಕೆಂಬ ಸದ್ದೂ ಆಗುವುದಿಲ್ಲ. ನಡುವೆ ನೋವು ಹೆಚ್ಚಿತೆಂದರೆ ಸ್ನಾಯು ಮತ್ತೆ ಸೆಟೆಯುತ್ತಿದೆ ಎಂದರ್ಥ, ವೈದ್ಯರು ಅಲ್ಲಿಗೇ ತಡೆದು ರೋಗಿ ಸುಧಾರಿಸಿಕೊಳ್ಳುವವರೆಗೆ ಕಾಯಬೇಕು.

ಬೇರೆ ವಿಧಾನಗಳೂ ಇವೆ. ಅಮೆರಿಕದ ಶಸ್ತ್ರವೈದ್ಯ ಸ್ಟಿಮ್ಸನ್ 1900ರಲ್ಲಿ ವಿವರಿಸಿದ ವಿಧಾನದಲ್ಲಿ ರೋಗಿ ಬೋರಲು ಮಲಗಿ, ಜೋತುಬಿದ್ದ ಕೈಗೆ ತೂಕ ಕಟ್ಟಿಸಿಕೊಂಡು ಸ್ನಾಯು ದಣಿಯುವವರೆಗೆ ಕಾಯುತ್ತಾರೆ. ಫೇರ್ಸ್ ಎಂಬ ಇತ್ತೀಚಿನ ವಿಧಾನದಲ್ಲಿ, ಅಂಗಾತ ಮಲಗಿದ ರೋಗಿಯ ತೋಳನ್ನು ಹಗುರವಾಗಿ ಎಳೆದು ಹಿಡಿದು, ಸಣ್ಣದಾಗಿ ಮೇಲೆ ಕೆಳಗೆ ಆಡಿಸುತ್ತಾ ಪಕ್ಕಕ್ಕೆ ಒಯ್ಯುತ್ತಾರೆ. ತೋಳನ್ನು ಬಿಟ್ಟು ರೆಕ್ಕೆ ಮೂಳೆಯ ಕೆಳತುದಿಯನ್ನೇ ಬೆನ್ನೆಲುಬಿನ ಕಡೆಗೆ ತಳ್ಳಿ, ಅದರಲ್ಲಿರುವ ಗುಳಿಯನ್ನೇ ತೋಳಿನ ಮೂಳೆಯ ತಲೆಯತ್ತ ತಿರುಗಿಸುವ ಕ್ರಮವೂ ಉಂಟು.

ಇದಾವುದೂ ಪಕ್ಕದಲ್ಲಿದ್ದವರು ಕೈಹಾಕಿ ಮಾಡುವ ಕೆಲಸವಲ್ಲ. ಮೂಳೆ ಮುರಿದಿದ್ದರೆ ಅಥವಾ ಕೀಲು ತಪ್ಪಿ ವಾರಗಳೇ ಕಳೆದಿದ್ದರೆ ಹಾದಿಯೇ ಬೇರೆ. ರೋಗಿಗೆ ಸ್ನಾಯು ಸಡಿಲಿಸಲು ಆಗದೇ ಹೋದರೆ ಅರಿವಳಿಕೆಯೇ ಸರಿ. ಕೀಲನ್ನು ಕೂರಿಸುವ ಮೊದಲು ವೈದ್ಯರು ಭುಜದ ಹೊರಮೈಯನ್ನು ಮುಟ್ಟಿ ಸ್ಪರ್ಶ ತಿಳಿಯುತ್ತಿದೆಯೇ ಎಂದು ಕೇಳುತ್ತಾರೆ, ಏಕೆಂದರೆ ಕಂಕುಳಿನ ನರಕ್ಕೆ ಪೆಟ್ಟಾಗಿದ್ದರೆ ಅಲ್ಲಿ ಮರಗಟ್ಟಿರುತ್ತದೆ. ಕೀಲು ಕೂತ ಮೇಲೆ, ತೋಳನ್ನು ಜೋಳಿಗೆಪಟ್ಟಿಯಲ್ಲಿ ಇರಿಸಿ ಎಕ್ಸ್‌ರೇಗೆ ಕಳಿಸುವ ಮುನ್ನ, ಅದೇ ಜಾಗವನ್ನು ಮತ್ತೊಮ್ಮೆ ಮುಟ್ಟಿ ಅದೇ ಪ್ರಶ್ನೆ ಕೇಳುತ್ತಾರೆ.