16.7 ಮಿಲಿಸೆಕೆಂಡಿನೊಳಗೆ ಮುಗಿಯಬೇಕಾದ ಕೆಲಸ

ಗೇಮ್ ಆಡಲು ಒಂದು ಕಂಪ್ಯೂಟರ್ ಜೋಡಿಸಬೇಕು. ಬಜೆಟ್ ತೀರಾ ಕಡಿಮೆಯೇನಲ್ಲ, ಹಾಗಂತ ಕೈಬಿಚ್ಚಿ ಖರ್ಚು ಮಾಡುವಷ್ಟೂ ಇಲ್ಲ. ಇಂಥವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಪ್ರೊಸೆಸರ್ ತಗೊಳ್ಳಲಿ ಅಂತ. ಯಾವ ಮಾನಿಟರ್‌ನಲ್ಲಿ ಆಡುತ್ತೇನೆ ಅಂತ ಯೋಚಿಸುವುದು ಕೊನೆಗೆ. ನನ್ನ ಪ್ರಕಾರ ಇದು ತಿರುಗುಮುರುಗಾಗಬೇಕು. ಪೆಟ್ಟಿಗೆಯೊಳಗಿನ ಭಾಗಗಳೆಲ್ಲ ದುಡಿಯುವುದು ಮಾನಿಟರ್‌ಗಾಗಿ. ಎಷ್ಟು ಕೆಲಸ, ಎಷ್ಟು ಹೊತ್ತಿನೊಳಗೆ ಎನ್ನುವುದನ್ನು ತೀರ್ಮಾನಿಸುವುದು ಅದೇ.

ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಮಾನಿಟರ್ ಇದೆ ಅಂದುಕೊಳ್ಳಿ. ಒಂದು ಚಿತ್ರ, ಅಂದರೆ ಒಂದು ಫ್ರೇಮ್, ತಯಾರಾಗಲು ಸಿಗುವುದು 16.7 ಮಿಲಿಸೆಕೆಂಡು. 144 ಹರ್ಟ್ಸ್ ಮಾನಿಟರ್ ಆದರೆ ಬರೀ 6.9. ಮೌಸ್ ಎತ್ತ ತಿರುಗಿತು, ಎದುರಾಳಿ ಎಲ್ಲಿದ್ದಾನೆ, ಗುಂಡು ತಗುಲಿತೋ ಇಲ್ಲವೋ ಎನ್ನುವ ಲೆಕ್ಕವೆಲ್ಲ ಪ್ರೊಸೆಸರ್‌ನದು. ಆ ಲೆಕ್ಕ ಹಿಡಿದು ಒಂದೊಂದು ಚುಕ್ಕಿಗೂ ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡ್. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿವೆ. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು.

ಪರದೆಯ ಚುಕ್ಕಿಗಳು ಹೆಚ್ಚಾದರೆ ಪ್ರೊಸೆಸರ್‌ಗೆ ಹೆಚ್ಚುಕಡಿಮೆ ಏನೂ ಅನ್ನಿಸುವುದಿಲ್ಲ. ಎದುರಾಳಿ ಎಲ್ಲಿದ್ದಾನೆ ಎನ್ನುವ ಲೆಕ್ಕ 4ಕೆಯಲ್ಲೂ ಅದೇ ತಾನೆ? ಭಾರ ಬೀಳುವುದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಆದರೆ ಸೆಕೆಂಡಿಗೆ 60ರ ಬದಲು 144 ಫ್ರೇಮ್ ಬೇಕು ಅಂದರೆ ಇಬ್ಬರೂ ಓಡಬೇಕು.

ಒಂದು ಫ್ರೇಮ್‌ಗೆ ಪ್ರೊಸೆಸರ್ 6 ಮಿಲಿಸೆಕೆಂಡು, ಕಾರ್ಡ್ 12 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಕಾರ್ಡ್ ಈ ಫ್ರೇಮ್ ಬಿಡಿಸುತ್ತಿರುವಾಗಲೇ ಪ್ರೊಸೆಸರ್ ಮುಂದಿನದರ ಲೆಕ್ಕ ಮುಗಿಸಿರುತ್ತದೆ. ಹಾಗಾಗಿ 12 ಮಿಲಿಸೆಕೆಂಡಿಗೊಂದು ಫ್ರೇಮ್ ಬರುತ್ತದೆ, ಸೆಕೆಂಡಿಗೆ 83. ಈಗ ಎರಡು ಪಟ್ಟು ವೇಗದ ಪ್ರೊಸೆಸರ್ ತಂದು ಹಾಕಿ. ಅದರ ಕೆಲಸ 3 ಮಿಲಿಸೆಕೆಂಡಿಗೇ ಮುಗಿಯುತ್ತದೆ, ಉಳಿದ 9 ಮಿಲಿಸೆಕೆಂಡು ಸುಮ್ನೆ ಕೂತಿರುತ್ತದೆ. ಪರದೆಯ ಮೇಲೆ ಮತ್ತದೇ 83.

ಅದಕ್ಕೇ ಮಧ್ಯಮ ಬಜೆಟ್‌ನಲ್ಲಿ ದುಡ್ಡಿನ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಬೇಕು. ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇಟ್ಟರೆ ಲೆಕ್ಕ ಎಲ್ಲೋ ತಪ್ಪಿದೆ ಅಂತಲೇ ಅರ್ಥ, ಅರ್ಧದ ಹತ್ತಿರ ಹೋದರೂ ತಪ್ಪಿಲ್ಲ. ಕಾರ್ಡ್ ಆರಿಸುವಾಗ ಚಿಪ್‌ನ ವೇಗವನ್ನು ಎಲ್ಲರೂ ನೋಡುತ್ತಾರೆ, ಅದರ ಮೆಮೊರಿಯನ್ನು ಮರೆಯುತ್ತಾರೆ. 2021ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಮೆಮೊರಿ ಇತ್ತು. 2023ರ ಆರ್‌ಟಿಎಕ್ಸ್ 4060 ಬಹುತೇಕ ಗೇಮ್‌ಗಳಲ್ಲಿ ಅದಕ್ಕಿಂತ ಚುರುಕು, ಆದರೆ ಮೆಮೊರಿ 8 ಜಿಬಿ ಮಾತ್ರ. ಗೋಡೆ, ಮರ, ಬಟ್ಟೆಗಳ ಮೇಲ್ಮೈ ಚಿತ್ರಗಳೆಲ್ಲ ಆ 8 ಜಿಬಿಯಲ್ಲಿ ಹಿಡಿಸುವವರೆಗೆ ತೊಂದರೆ ಇಲ್ಲ. ಹಿಡಿಸದೇ ಹೋದಾಗ ಮಾತ್ರ ಫಜೀತಿ. 4060 ತನ್ನದೇ ಮೆಮೊರಿಯಿಂದ ಸೆಕೆಂಡಿಗೆ 272 ಜಿಬಿ ಓದಬಲ್ಲದು. ಮದರ್‌ಬೋರ್ಡ್ ಕಡೆಯಿಂದ ತರಿಸಿಕೊಳ್ಳಬೇಕಾದರೆ ಸಿಗುವುದು ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 16 ಜಿಬಿ. ಹದಿನೇಳು ಪಟ್ಟು ನಿಧಾನ! ಆಟ ಅಲ್ಲಲ್ಲಿ ಮುಗ್ಗರಿಸುವುದು ಹೀಗೆ.

ಈ ಮುಗ್ಗರಿಕೆ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಒಂದು ಸೆಕೆಂಡಿನಲ್ಲಿ 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡಿನಲ್ಲಿ ಬಂದು, ಒಂದೇ ಒಂದು ಫ್ರೇಮ್ 115 ಮಿಲಿಸೆಕೆಂಡು ತೆಗೆದುಕೊಂಡರೆ ಒಟ್ಟು 1000. ಸರಾಸರಿ ಸೆಕೆಂಡಿಗೆ 60, ಕೇಳಲು ಚೆನ್ನಾಗಿದೆ. ಆಡುವವರ ಕಣ್ಣಿಗೆ ಮಾತ್ರ ಆ ಒಂದು ಎಡವಟ್ಟು ರಾಚುತ್ತದೆ. ವಿಮರ್ಶೆ ಓದುವಾಗ ‘1% ಲೋ’ ಎನ್ನುವ ಅಂಕಿಯನ್ನು ಹುಡುಕಿ. ಅತಿ ನಿಧಾನವಾದ ಫ್ರೇಮ್‌ಗಳ ಕಥೆ ಅಲ್ಲಿರುತ್ತದೆ. 1440ಪಿ ಮಾನಿಟರ್ ಇದ್ದರೆ 12 ಅಥವಾ 16 ಜಿಬಿ ಇರುವ ಕಾರ್ಡ್ ಹುಡುಕಿ, ಬೇಕಾದರೆ ಚಿಪ್ ಒಂದು ಮೆಟ್ಟಿಲು ಕೆಳಗಿರಲಿ ಎನ್ನುವುದು ನನ್ನ ಪಕ್ಷ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎನ್ನುವ, ಕಡಿಮೆ ಚುಕ್ಕಿ ಬಿಡಿಸಿ ಚಿತ್ರವನ್ನು ದೊಡ್ಡದು ಮಾಡುವ ತಂತ್ರಗಳೂ ಇಲ್ಲಿ ನೆರವಿಗೆ ಬರುತ್ತವೆ. 1440ಪಿ ಪರದೆಗೆ ಡಿಎಲ್‌ಎಸ್‌ಎಸ್‌ನ ‘ಕ್ವಾಲಿಟಿ’ ಆಯ್ಕೆ ಇಟ್ಟರೆ ಕಾರ್ಡ್ ನಿಜವಾಗಿ ಬಿಡಿಸುವುದು ಶೇ. 44ರಷ್ಟು ಚುಕ್ಕಿಗಳನ್ನು ಮಾತ್ರ. ಉಳಿದದ್ದನ್ನು ಹಿಂದಿನ ಫ್ರೇಮ್‌ಗಳ ಸುಳಿವು ಹಿಡಿದು ತುಂಬುತ್ತದೆ. ಬಹಳ ಸಲ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಎರಡು ಫ್ರೇಮ್‌ಗಳ ನಡುವೆ ಹೊಸದೊಂದನ್ನು ಹುಟ್ಟಿಸಿ ಸೇರಿಸುವ ಫ್ರೇಮ್ ಜನರೇಷನ್ ಬೇರೆ ವಿಷಯ. ಅದರಿಂದ ಚಲನೆ ನುಣುಪಾಗಿ ಕಾಣುತ್ತದೆ, ಆದರೆ ನಿಮ್ಮ ಬೆರಳಿಗೆ ಆಟ ಬೇಗ ಸ್ಪಂದಿಸುವುದಿಲ್ಲ. ಪೆಟ್ಟಿಗೆಯ ಮೇಲೆ ಅದನ್ನೂ ಸೇರಿಸಿ ದೊಡ್ಡ ಅಂಕಿ ಅಚ್ಚು ಹಾಕಿದ್ದರೆ ಅರ್ಧಕ್ಕರ್ಧ ನಂಬಿ ಸಾಕು.

ಪ್ರೊಸೆಸರ್ ವಿಷಯದಲ್ಲಿ ಗಿಗಾಹರ್ಟ್ಸ್‌ಗೆ (ಸೆಕೆಂಡಿಗೆ ಎಷ್ಟು ನೂರು ಕೋಟಿ ಹೆಜ್ಜೆ ಎನ್ನುವ ಲೆಕ್ಕ), ಕೋರ್‌ಗಳ (ಒಂದೇ ಚಿಪ್‌ನೊಳಗೆ ಬೇರೆಬೇರೆಯಾಗಿ ದುಡಿಯುವ ಘಟಕಗಳ) ಎಣಿಕೆಗೆ ಮರುಳಾಗುವವರು ಜಾಸ್ತಿ. 2022ರಲ್ಲಿ ಎಎಂಡಿ ತಂದ ರೈಜೆನ್ 7 5800ಎಕ್ಸ್3ಡಿಯ ಕಥೆ ಕೇಳಿ. ಅದರ ಅಣ್ಣ 5800ಎಕ್ಸ್‌ನಲ್ಲೂ ಎಂಟೇ ಕೋರ್, ಗರಿಷ್ಠ ವೇಗ 4.7 ಗಿಗಾಹರ್ಟ್ಸ್. ತಮ್ಮನದು 4.5. ಆದರೂ ಗೇಮ್‌ಗಳಲ್ಲಿ ತಮ್ಮನೇ ಮುಂದೆ. ಕಾರಣ, ಚಿಪ್‌ನ ಮೇಲೇ ಇನ್ನೊಂದು ಪದರ ಅಂಟಿಸಿ ಎಲ್3 ಕ್ಯಾಶ್ ಅನ್ನು, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ, ಅತಿ ವೇಗದ ಮೆಮೊರಿಯನ್ನು, 32ರಿಂದ 96 ಎಂಬಿಗೆ ಏರಿಸಿದ್ದರು. ಬೇಕಾದ ಮಾಹಿತಿ ಕ್ಯಾಶ್‌ನಲ್ಲಿ ಇಲ್ಲದಿದ್ದರೆ ರ‍್ಯಾಮ್‌ವರೆಗೆ ಹೋಗಬೇಕು. ಹೋಗಿ ಬರಲು 70 ನ್ಯಾನೊಸೆಕೆಂಡಿನ ಆಸುಪಾಸು. ನಮಗೆ ಅದು ಏನೂ ಅಲ್ಲ, ಪ್ರೊಸೆಸರ್‌ಗೆ ಮುನ್ನೂರು ಹೆಜ್ಜೆ ಹಾಕುವಷ್ಟು ಹೊತ್ತು. ಗೇಮ್‌ಗಳು ಮೆಮೊರಿಯಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಹಾರಿ ಓದುವುದರಿಂದ ಈ ಕಾಯುವಿಕೆ ಅವಕ್ಕೆ ಜೋರಾಗಿಯೇ ತಟ್ಟುತ್ತದೆ.

ಕೋರ್‌ಗಳ ಮಿತಿಯನ್ನು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿಕೊಟ್ಟಿದ್ದರು. ಒಂದು ಕೆಲಸದ ಅರ್ಧ ಭಾಗವನ್ನು ಮಾತ್ರ ಹಂಚಿಕೊಂಡು ಮಾಡಬಹುದು ಎಂದಾದರೆ ಸಾವಿರ ಕೋರ್ ಹಾಕಿದರೂ ವೇಗ ಎರಡು ಪಟ್ಟು ದಾಟುವುದಿಲ್ಲ. ಗೇಮ್‌ನಲ್ಲಿ ಒಂದರ ಹಿಂದೆ ಒಂದು ಆಗಬೇಕಾದ ಕೆಲಸ ಬೇಕಾದಷ್ಟಿದೆ. ಆರು ಕೋರ್‌ಗಳ ಹೊಸ ತಲೆಮಾರಿನ ಪ್ರೊಸೆಸರ್ ಈ ಬಜೆಟ್‌ಗೆ ಸಾಕು. ವಿಡಿಯೊ ಎಡಿಟಿಂಗೂ ಮಾಡುತ್ತೀರಾದರೆ ಎಂಟು.

ರ‍್ಯಾಮ್ ಒಂದೇ ಕಡ್ಡಿ ತರಬೇಡಿ. 32 ಜಿಬಿ ಬೇಕಾದರೆ 16ರ ಎರಡು ತನ್ನಿ, ಪ್ರೊಸೆಸರ್‌ಗೆ ಎರಡು ದಾರಿ ಸಿಗುತ್ತದೆ. ಎಸ್‌ಎಸ್‌ಡಿ ಬೇಕೇ ಬೇಕು. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡು ಬೇಕು, ಒಂದು ಫ್ರೇಮಿನ ಅರ್ಧ ಸಮಯ ಅಲ್ಲೇ ಹೋಯಿತಲ್ವಾ! ಹಾಗಂತ ಅತಿ ದುಬಾರಿ ಎಸ್‌ಎಸ್‌ಡಿಯೂ ಬೇಡ. ಸೆಕೆಂಡಿಗೆ 7000 ಎಂಬಿ ಓದುವುದಕ್ಕೂ 3500 ಓದುವುದಕ್ಕೂ ಗೇಮ್ ತೆರೆಯುವಾಗ ಕಾಣುವ ಅಂತರ ಅತ್ಯಲ್ಪ. ಓದಿದ್ದನ್ನು ಬಿಡಿಸಿ ಜೋಡಿಸುವ ಕೆಲಸಕ್ಕೆ ಪ್ರೊಸೆಸರ್‌ಗೆ ಹೊತ್ತು ಬೇಕಲ್ಲ.

ಪವರ್ ಸಪ್ಲೈನಲ್ಲಿ ಮಾತ್ರ ಉಳಿತಾಯ ಬೇಡ. ಗ್ರಾಫಿಕ್ಸ್ ಕಾರ್ಡ್ ಸರಾಸರಿ 200 ವ್ಯಾಟ್ ಎಳೆಯುತ್ತಿದ್ದರೂ ಕ್ಷಣಮಾತ್ರ ಅದಕ್ಕಿಂತ ತುಂಬಾ ಹೆಚ್ಚು ಎಳೆದುಬಿಡಬಹುದು. ಸಪ್ಲೈ ತಡೆಯದಿದ್ದರೆ ಆಟದ ಮಧ್ಯೆ ಕಂಪ್ಯೂಟರ್ ಆಫ್. ಇದನ್ನು ಕಂಡೇ ಪವರ್ ಸಪ್ಲೈಗಳಿಗಾಗಿ ಬಂದ 2022ರ ಎಟಿಎಕ್ಸ್ 3.0 ನಿಯಮ, 100 ಮೈಕ್ರೊಸೆಕೆಂಡು ಕಾಲ ಎರಡು ಪಟ್ಟು ಹೊರೆಯನ್ನು ತಾಳಬೇಕು ಎಂದಿತು. ‘80 ಪ್ಲಸ್ ಗೋಲ್ಡ್’ ಚೀಟಿ ಹೇಳುವುದು ಎಷ್ಟು ವಿದ್ಯುತ್ ಪೋಲಾಗುವುದಿಲ್ಲ ಎಂದಷ್ಟೇ. ಗುಣಮಟ್ಟದ ಖಾತ್ರಿ ಅದಲ್ಲ.

ಮದರ್‌ಬೋರ್ಡ್‌ನಿಂದ ಫ್ರೇಮ್ ಹೆಚ್ಚುವುದಿಲ್ಲ. ಮುಂದೆ ಹೊಸ ಪ್ರೊಸೆಸರ್ ಕೂರಿಸಲು ಆಗುತ್ತದೋ ನೋಡಿ. ಎಎಂಡಿಯ ಎಎಂ4 ಸಾಕೆಟ್ ಇದ್ದ 2017ರ ಎಷ್ಟೋ ಬೋರ್ಡ್‌ಗಳು, ಬಯಾಸ್ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ಆ 5800ಎಕ್ಸ್3ಡಿಯನ್ನೂ ಓಡಿಸಿದವು. ಬಣ್ಣದ ದೀಪಗಳ ಬಗ್ಗೆ ನಾನೇನೂ ಹೇಳುವುದಿಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಮಾತು ನಿಮಗೂ ಗೊತ್ತು. ಆ ದುಡ್ಡಿಗೆ ಮುಂಭಾಗದಲ್ಲಿ ಗಾಳಿಯಾಡುವ ಜಾಲರಿ ಇರುವ ಕೇಸ್ ಬರುತ್ತದೆ.

ಜೋಡಿಸಿದ ಮೇಲೆ ಮಾನಿಟರ್ ಕೇಬಲ್ ಅನ್ನು ಗ್ರಾಫಿಕ್ಸ್ ಕಾರ್ಡ್‌ಗೇ ಚುಚ್ಚಿ, ಮದರ್‌ಬೋರ್ಡ್‌ಗಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮ್ ಅನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡಿ, ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ತೆವಳುತ್ತಿರಬಹುದು. ವಿಂಡೋಸ್‌ನಲ್ಲಿ 144 ಹರ್ಟ್ಸ್ ಆರಿಸಿ, ಎಷ್ಟೋ ಸಲ ಅದು 60ಕ್ಕೇ ನಿಂತಿರುತ್ತದೆ. ಆಮೇಲೆ ನಿಮ್ಮ ಮೆಚ್ಚಿನ ಗೇಮ್ ತೆರೆದು ರೆಸಲ್ಯೂಷನ್, ಅಂದರೆ ಚುಕ್ಕಿಗಳ ಸಂಖ್ಯೆ, ಇಳಿಸಿ ನೋಡಿ. ಫ್ರೇಮ್‌ಗಳು ಏರಿದರೆ ಕಾರ್ಡ್ ತಡೆಯುತ್ತಿತ್ತು ಎಂದರ್ಥ. ಏರದೇ ಇದ್ದಲ್ಲೇ ಇದ್ದರೆ ಕಾಯಿಸುತ್ತಿರುವುದು ಪ್ರೊಸೆಸರ್. ಮುಂದೆ ಕೈಯಲ್ಲಿ ದುಡ್ಡು ಸೇರಿದಾಗ ಮೊದಲು ಬದಲಿಸಬೇಕಾದದ್ದು ಇವೆರಡರಲ್ಲಿ ತಡೆಯುತ್ತಿರುವುದನ್ನೇ.