ಹಗುರವಾದ ಪೊಟ್ಯಾಸಿಯಂ ಆರ್ಗಾನ್‌ನ ನಂತರ ಬರುವುದೇಕೆ?

ಪ್ರಶ್ನೆ: ಮಗಳ ಪಿಯುಸಿ ಪುಸ್ತಕದ ಆವರ್ತ ಕೋಷ್ಟಕದಲ್ಲಿ ಆರ್ಗಾನ್‌ನ ಪರಮಾಣು ತೂಕ 39.95, ಅದರ ಮುಂದಿರುವ ಪೊಟ್ಯಾಸಿಯಂನದು 39.10 ಎಂದಿದೆ. ತೂಕ ಏರುತ್ತಾ ಹೋಗಬೇಕಲ್ಲವೇ? ಇದು ಅಚ್ಚಿನ ದೋಷವೇ?
– ಓದುಗರೊಬ್ಬರು, ಸೋಮವಾರಪೇಟೆ

ದೋಷವಲ್ಲ. ಅಂಕಿಗಳೂ ಸರಿ, ಎರಡೂ ಧಾತುಗಳು ಕುಳಿತ ಜಾಗವೂ ಸರಿ.

ಜಾಗವನ್ನು ತೀರ್ಮಾನಿಸುವುದು ಪರಮಾಣು ಸಂಖ್ಯೆ, ಅಂದರೆ ನ್ಯೂಕ್ಲಿಯಸ್‌ನಲ್ಲಿರುವ ಪ್ರೋಟಾನ್‌ಗಳ ಎಣಿಕೆ. ಆರ್ಗಾನ್‌ಗೆ 18, ಪೊಟ್ಯಾಸಿಯಂಗೆ 19. ಮೆಂಡಲೀವ್ 1869ರಲ್ಲಿ ತೂಕದ ಪ್ರಕಾರ ಧಾತುಗಳನ್ನು ಜೋಡಿಸಿದಾಗ ಪ್ರೋಟಾನ್ ಯಾರಿಗೂ ಗೊತ್ತಿರಲಿಲ್ಲ. ಆರ್ಗಾನ್ ಪತ್ತೆಯಾದದ್ದೇ 1894ರಲ್ಲಿ. ತೂಕವನ್ನೇ ಹಿಡಿದು ಕೂತಿದ್ದರೆ ಪೊಟ್ಯಾಸಿಯಂ ಜಡಾನಿಲಗಳ ಗುಂಪಿಗೆ ಬೀಳುತ್ತಿತ್ತು. ನೀರು ತಾಗಿದರೆ ಹೊತ್ತಿ ಉರಿಯುವ ಲೋಹಕ್ಕೆ ಅಲ್ಲೇನು ಕೆಲಸ? 1913ರಲ್ಲಿ ಹೆನ್ರಿ ಮೋಸ್ಲಿ ಎಕ್ಸ್ ಕಿರಣಗಳನ್ನು ಅಳೆದು ಪರಮಾಣು ಸಂಖ್ಯೆಗೆ ಗಟ್ಟಿ ಆಧಾರ ಒದಗಿಸಿದರು. ಎರಡು ವರ್ಷಗಳ ನಂತರ, ಇಪ್ಪತ್ತೇಳರ ಹರೆಯದಲ್ಲಿ, ಯುದ್ಧದಲ್ಲಿ ಮಡಿದರು.

ಪೊಟ್ಯಾಸಿಯಂನ ಹತ್ತೊಂಬತ್ತನೆಯ ಎಲೆಕ್ಟ್ರಾನ್ ನಾಲ್ಕನೆಯ ಕವಚದಲ್ಲಿ ಒಂಟಿಯಾಗಿರುತ್ತದೆ. ಅದನ್ನು ಬಿಟ್ಟುಕೊಡುವ ಆತುರವೇ ಆ ಉರಿಗೆ ಕಾರಣ. (ಕಾಫಿ ತೋಟಕ್ಕೆ ತರುವ ಪೊಟ್ಯಾಷ್ ಗೊಬ್ಬರದ ಬಗ್ಗೆ ಹೆದರಬೇಡಿ. ಅದರಲ್ಲಿ ಆ ಎಲೆಕ್ಟ್ರಾನ್ ಆಗಲೇ ಕ್ಲೋರಿನ್‌ನ ಪಾಲಾಗಿದೆ. ಕೊಡಗಿನ ಜೂನ್ ಮಳೆಯಲ್ಲಿ ನೆನೆದರೆ ಉರಿಯುವುದಿಲ್ಲ, ಕರಗಿ ಹೋಗುತ್ತದೆ. ನಷ್ಟ ಜೇಬಿಗೆ ಮಾತ್ರ.)

ಹಾಗಾದರೆ ಆರ್ಗಾನ್‌ಗೆ ಆ ಹೆಚ್ಚಿನ ತೂಕ ಬಂದದ್ದು ಎಲ್ಲಿಂದ? ನನಗೆ ಇಷ್ಟವಾಗುವ ಭಾಗ ಇದು. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಎಣಿಕೆಯೇ ರಾಶಿ ಸಂಖ್ಯೆ. ಪ್ರೋಟಾನ್‌ಗಳು ಅಷ್ಟೇ ಇದ್ದು ನ್ಯೂಟ್ರಾನ್‌ಗಳು ಬೇರೆಯಾದರೆ ಅವು ಒಂದೇ ಧಾತುವಿನ ಸಮಸ್ಥಾನಿಗಳು. ಕೋಷ್ಟಕದಲ್ಲಿರುವ ದಶಮಾಂಶದ ತೂಕ ಇವುಗಳ ಸರಾಸರಿ. ಪೊಟ್ಯಾಸಿಯಂನಲ್ಲಿ ಶೇ 93ರಷ್ಟು ರಾಶಿ ಸಂಖ್ಯೆ 39ರದು. ನಮ್ಮ ಗಾಳಿಯ ಆರ್ಗಾನ್‌ನಲ್ಲಿ ಶೇ 99ಕ್ಕಿಂತ ಹೆಚ್ಚು 40ರದು.

ಈ ಆರ್ಗಾನ್-40 ಹುಟ್ಟಿದ್ದು ಪೊಟ್ಯಾಸಿಯಂನಿಂದಲೇ! ಪೊಟ್ಯಾಸಿಯಂ-40 ವಿಕಿರಣಶೀಲ, ಅದರ ಅರ್ಧಾಯು (ಅರ್ಧದಷ್ಟು ಪರಮಾಣುಗಳು ಕ್ಷಯಿಸಿ ಬೇರೆ ಧಾತುವಾಗಲು ಬೇಕಾದ ಕಾಲ) ಸುಮಾರು 125 ಕೋಟಿ ವರ್ಷ. ಕ್ಷಯಿಸುವ ಪ್ರತಿ ನೂರು ಪರಮಾಣುಗಳಲ್ಲಿ ಹತ್ತು-ಹನ್ನೊಂದು ಆರ್ಗಾನ್ ಆಗುತ್ತವೆ, ಉಳಿದವು ಕ್ಯಾಲ್ಸಿಯಂ. ಕೊಡಗಿನ ಬಂಡೆಗಳಲ್ಲಿ ಹಲವು 300 ಕೋಟಿ ವರ್ಷಗಳಿಗೂ ಹಳೆಯವು. ಅವುಗಳೊಳಗಿನ ಪೊಟ್ಯಾಸಿಯಂ-40ರಲ್ಲಿ ಈಗ ಐದನೆಯ ಒಂದು ಭಾಗವೂ ಉಳಿದಿಲ್ಲ. ಬಂಡೆ ಸವೆದಂತೆ ಒಳಗಿದ್ದ ಆರ್ಗಾನ್ ಗಾಳಿಗೆ ಸೇರುತ್ತದೆ. ಸೂರ್ಯನಲ್ಲಿ ಹೆಚ್ಚಿರುವುದು ಆರ್ಗಾನ್-36. ಅಲ್ಲಿನ ತೂಕವನ್ನು ಕೋಷ್ಟಕದಲ್ಲಿ ಬರೆದಿದ್ದರೆ ನಿಮ್ಮ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇಂಥ ತಿರುಗುಮುರುಗು ಜೋಡಿಗಳು ಇನ್ನೂ ಇವೆ. ಕೋಬಾಲ್ಟ್ ಮತ್ತು ನಿಕ್ಕಲ್, ಟೆಲ್ಲುರಿಯಂ ಮತ್ತು ಅಯೋಡಿನ್‌ಗಳ ತೂಕವನ್ನು ಮಗಳೇ ಹೋಲಿಸಿ ನೋಡಲಿ.